ಬೇಕಾದ ಬಣ್ಣದ ಕನಸು

ನಿಷತ ಕಿಟಕಿಯ ಹತ್ತಿರ ನಿಂತು ಬೆರಳು ಎಣಿಸುವುದು ಸಗೀರಾಳ ಕಣ್ಣಿಗೆ ಮತ್ತೆ ಬಿತ್ತು. ತಸಬಿಯ ಜಪ ಎಣಿಸುವ ಹೊತ್ತಲ್ಲ ಅದು. ಎಣಿಸಿ ಮುಗಿಸಿದ ಹುಡುಗಿ ಮೂಗು ಒತ್ತಿ ಹಿಡಿದು ಉಸಿರೆಳೆಯಲು ನೋಡಿದಳು. ಕಿಟಕಿಯ ಎದುರಿಗೇ ಸಿಂದಗಿ ಬಜಾರಿನ ಮೊಬೈಲ್ ಅಂಗಡಿ, ಅದರೊಳಗೆ ಮೀಸೆ ತಿರುವುವ ಅಂಗಡಿಕಾರ. ಸನ್ನೆಯೇ ಇರಬೇಕು. ಇಲ್ಲದಿದ್ದರೆ ತಲೆ ನೆಟ್ಟಗಿದ್ದವಳು ಮೂಗು ಯಾಕೆ ಹಿಡಿದುಕೊಳ್ಳುತ್ತಾಳೆ?

ಸಗೀರಾಳ ಸಂಶಯ ಅಂಥಿಂಥದ್ದಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುವಳು, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಎನ್ನುವಳು. ಗಂಡ ತೀರಿಕೊಂಡ ಮೇಲೆ ತಮ್ಮ ಮೀರಾಸಾಬನ ಮನೆಗೆ ಬಂದು, ಅವನ ತಾಯಿಯಿಲ್ಲದ ಮಗಳು ನಿಷತಳನ್ನು ಸಾಕಿದವಳು ಅವಳೇ. ಈಗ ಆ ಹುಡುಗಿಗೆ ಮನಗೂಳಿಯ ಸಂಬಂಧ ಬಂದಿತ್ತು. ಸಿಮೆಂಟಿನ ಅಂಗಡಿ, ಸ್ವಂತ ಲಾರಿ, ಒಬ್ಬನೇ ಮಗ. ಶುಕ್ರವಾರ ಮಾತು ಕೊಡಬೇಕಿತ್ತು.

ಅದಕ್ಕೆ ಮೊದಲು ಇಸ್ತಿಖಾರಾ ಆಗಬೇಕು. ಅಂದರೆ ನಮಾಜು ಮಾಡಿ, ದಾರಿ ತೋರಿಸು ಎಂದು ದೇವರನ್ನು ಬೇಡಿ ಮಲಗುವುದು. ಕನಸು ಬಿದ್ದೇ ಬೀಳಬೇಕೆಂದೇನೂ ಇಲ್ಲ ಎಂದು ಮೌಲಾನಾ ಎಷ್ಟು ಹೇಳಿದರೂ ಈ ಮನೆತನದಲ್ಲಿ ಕನಸೇ ಕೊನೆಯ ಮಾತು. ಹುಡುಗಿಗೆ ಹಸಿರು ಕಂಡರೆ ಸಂಬಂಧ ಗಟ್ಟಿ, ಕಪ್ಪು ಕಂಡರೆ ಅಲ್ಲಿಗೇ ಬಿಟ್ಟರು. ಕಂಡದ್ದನ್ನು ಮೊದಲು ಕೇಳುವ ಹಕ್ಕು ಸಗೀರಾಳದು. ಬಳಗದ ಹುಡುಗಿಯರೆಲ್ಲ ಅವಳ ಕಿವಿಯಲ್ಲೇ ಕನಸು ಹೇಳಿ ಗಂಡನ ಮನೆಗೆ ಹೋದವರು. ಆ ಹೆಮ್ಮೆ ಅವಳಿಗೆ ಕೊಂಚ ಹೆಚ್ಚೇ ಇತ್ತು.

ಹಾಗಿರುವಾಗ ನಿಷತ ದಿನವೂ ಏನೂ ಬೀಳಲಿಲ್ಲ ಎನ್ನುತ್ತಿದ್ದಳು. ಮೇಲಾಗಿ, ಬೆಳಗಿನ ನಮಾಜು ಮುಗಿದ ಮೇಲೆ ಎಂದೂ ಮಲಗದವಳು ಈಗ ಮತ್ತೆ ಹಾಸಿಗೆಗೆ ಹೋಗುತ್ತಿದ್ದಳು. ಆ ಹೊತ್ತಿಗೇ ಯಾರದೋ ಫೋನು ಬರುತ್ತಿರಬೇಕು ಎಂದು ಸಗೀರಾಳಿಗೆ ಖಾತ್ರಿಯಾಯಿತು. ಗುರುವಾರ ಬೆಳಕು ಹರಿದ ಮೇಲೆ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಪಿಸುಮಾತು. ಧಡ್ಡನೆ ಬಾಗಿಲು ತಳ್ಳಿದಳು.

ಫೋನು ಮೂಲೆಯಲ್ಲಿ ಚಾರ್ಜಿಗಿತ್ತು. ನಿಷತ ಕಣ್ಣು ಮುಚ್ಚಿ ಅಂಗಾತ ಮಲಗಿದ್ದಳು. ಮೊಣಕೈ ಹಾಸಿಗೆಗೆ ಊರಿ ಬಲಗೈ ಮೇಲಕ್ಕೆತ್ತಿದ್ದಳು. ತುಟಿ ಅಲುಗುತ್ತಿತ್ತು: "ಈಗ ಕಾಣೂದು ಕನಸು, ಈಗ ಕಾಣೂದು ಕನಸು." ಇದು ಮಾಟವೇ ಸರಿ ಎಂದುಕೊಂಡು ಸಗೀರಾ ಆ ಕೈ ಹಿಡಿದೆಳೆದು ಹುಡುಗಿಯನ್ನು ಎಬ್ಬಿಸಿ ಕೂರಿಸಿದಳು.

"ಯಾರ ಕಲಿಸ್ಯಾರ ಇದನ್ನ? ಖರೇ ಹೇಳು."

"ಫೋನಿನ್ಯಾಗ ನೋಡಿ ಕಲ್ಯಾಕತ್ತೇನಿ ಫುಪ್ಪು. ನಸುಕಿನ ನಿದ್ದ್ಯಾಗ ಕನಸು ಹೆಚ್ಚು ಬೀಳತಾವಂತ. ಕೈ ಎತ್ತಿ ಮಲಗಿದ್ರ ನಿದ್ದಿ ಹತ್ತೂ ಹೊತ್ತಿಗೆ ಅದು ಬಿದ್ದು ಎಚ್ಚರ ಮಾಡತೈತಿ. ಮೈ ಮಲಗಿದ್ರೂ ಮನಸು ಎಚ್ಚರ ಇರತೈತಿ. ಒಳಗ ಹೋದ ಮ್ಯಾಲೆ ಇದು ಕನಸು ಅಂತ ತಿಳಿದ್ರ, ನಮಗ ಬೇಕಾದ್ದ ಕಾಣಬಹುದಂತ."

"ಬೆರಳ ಎಣಸೂದು?"

"ಕನಸಿನ್ಯಾಗ ಬೆರಳು ಹೆಚ್ಚು ಕಡಿಮಿ ಕಾಣತಾವಂತ. ಮೂಗ ಹಿಡಿದ್ರೂ ಉಸರಾಡಾಕ ಬರತೈತಂತ. ಹಗಲೆಲ್ಲಾ ರೂಢಿ ಮಾಡಿದ್ರ ಅಲ್ಲೂ ನೆನಪಾಗತೈತಿ."

ಮೊಬೈಲ್ ಅಂಗಡಿಯವನು ಬಚಾವಾದ. ಸಗೀರಾಳ ಸಂಶಯ ಮಾತ್ರ ಹೊಸ ಜಾಗ ಹುಡುಕಿಕೊಂಡಿತು.

"ನಿನಗೇನ ಕಾಣಬೇಕಾಗೇತಿ?"

"ಕಪ್ಪು."

"ಕಪ್ಪು ಕಂಡ್ನಿ ಅಂತ ಸುಮ್ಮನ ಹೇಳಿದ್ರ ಮುಗೀತಿತ್ತಲ್ಲ. ಯಾರ ನೋಡಾಕ ಬರ್ತಾರ?"

"ದೇವರನ್ನ ಕೇಳಿ ಮಲಕೊಂಡು ಸುಳ್ಳ ಹೆಂಗ ಹೇಳಲಿ? ಅದಕ್ಕ ಖರೇನ ಕಾಣಬೇಕಂತ ಮಾಡೇನಿ."

ಸಗೀರಾಳಿಗೆ ಸಿಟ್ಟು ನೆತ್ತಿಗೇರಿತು. "ಒಲ್ಲೆ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?"

"ಅವರು ನೋಡಾಕ ಬಂದ ದಿನಾನ ಹೇಳಿದ್ನಿ. ಅಂವ ನಮ್ಮ ಫ್ರಿಜ್ ನೋಡಿದ, ನನ್ನ ನೋಡ್ಲಿಲ್ಲ, ನಾ ಒಲ್ಲೆ ಅಂದ್ನಿ. ನೀನ 'ಮೊದಲ ಮಲಕೊ, ಏನ ಕಾಣತೈತಿ ನೋಡೂಣು' ಅಂದಿ."

ಸಗೀರಾ ಹಾಗೆ ಅಂದದ್ದು ನಿಜ. ಆ ದಿನ ಹುಡುಗಿಯ 'ಒಲ್ಲೆ'ಯನ್ನು ಒಂದು ಮಾತೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಊರ ಮಂದಿಯನ್ನೆಲ್ಲ ಅನುಮಾನಿಸಿದವಳು ತನ್ನ ಕಿವಿಯನ್ನು ಮಾತ್ರ ಅನುಮಾನಿಸಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಹೊರಗೆ ಮೀರಾಸಾಬ ಚಹಾ ಕುಡಿಯುತ್ತ ಕೂತಿದ್ದ. "ಏನ ಕಂಡಾಳ ಆಪಾ?"

"ಏನೂ ಕಂಡಿಲ್ಲ. ಎಚ್ಚರದಾಗ ಒಲ್ಲೆ ಅಂತಾಳ. ಮನಗೂಳಿಯವರಿಗೆ ಹೇಳಿಬಿಡು."

ಮೀರಾಸಾಬ ಚಹಾದ ಬಸಿ ಕೆಳಗಿಟ್ಟು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಸಿರು ಕಂಡಿರಬೇಕು. ಇಬ್ರೂ ಕೂಡಿ ಮುಚ್ಚಿಡಾಕತ್ತೀರಿ." ಇಷ್ಟು ವರ್ಷ ಅವಳು ತಂದ ಕನಸುಗಳನ್ನೆಲ್ಲ ಕಣ್ಣು ಮುಚ್ಚಿ ನಂಬಿದವನಿಗೆ ಈ ಒಂದು ನಿಜ ಗಂಟಲಲ್ಲಿ ಇಳಿಯಲಿಲ್ಲ. ನಿಷತ ತಾನೇ ಬಾಗಿಲಿಗೆ ಬಂದು ನಿಂತು, "ನಾ ಒಲ್ಲೆ ಅಬ್ಬಾ" ಎಂದಳು. ಮಗಳ ಮುಖ ನೋಡಿದ ಮೇಲೆ, ಗೊಣಗುತ್ತಲೇ ಮನಗೂಳಿಗೆ ಫೋನ್ ಹಚ್ಚಿದ.

ಆ ದಿನ ಸಗೀರಾಳಿಗೆ ಅಡುಗೆಯಲ್ಲಿ ಕೈ ಓಡಲಿಲ್ಲ. ಇಂಡಿ ಊರಿಗೆ ಕೊಟ್ಟ ತನ್ನ ಒಬ್ಬಳೇ ಮಗಳು ಫಿರದೋಸ ನೆನಪಾದಳು. ಅವಳ ಮದುವೆ ಗಟ್ಟಿಯಾದದ್ದೂ ಒಂದು ಕನಸಿನಿಂದಲೇ. ಬೇಡ ಬೇಡವೆಂದರೂ ಕೈ ಫೋನಿಗೆ ಹೋಯಿತು.

"ಮದುವಿ ಮುಂದ ಹಸಿರು ಹೊಲ ಕಂಡ್ನಿ ಅಂದಿದ್ದಿಯಲ್ಲ, ಅದು ಖರೇನ ಕಂಡಿದ್ದೇನು?"



"ನಿನಗ ಹಸಿರು ಬೇಕಾಗಿತ್ತಲ್ಲ ಅಮ್ಮಾ," ಎಂದಳು ಫಿರದೋಸ.