ಮಾವನವರ ಕಾರು ಚಾರ್ಜ್ ತೆಗೆದುಕೊಳ್ಳದ ಪ್ರಸಂಗ

ಸಮಸ್ತ ನಾಗರಿಕರ ಗಮನಕ್ಕೆ ತರುವುದೇನೆಂದರೆ, ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮಾವನವರ ಕಾರಿನ ಕರೆಂಟ್ ಮೀಟರಿನ ಮುಳ್ಳು ಸೊನ್ನೆಯಿಂದ ಎಡಕ್ಕೆ, ಸರಿಸುಮಾರು ಒಂದು ಸಾಸಿವೆ ಕಾಳಿನಷ್ಟು, ವಾಲಿತು. ಬಾವುಟಗಳನ್ನು ಅರ್ಧಕ್ಕೆ ಇಳಿಸುವ ಅಗತ್ಯವಿಲ್ಲ. ಮಾವನವರ ಮುಖ ಆಗಲೇ ಅಷ್ಟು ಇಳಿದಿತ್ತು.

ಮುಳ್ಳು ಬಲಕ್ಕಿದ್ದರೆ ಬ್ಯಾಟರಿಗೆ ಕರೆಂಟ್ ಸೇರುತ್ತಿದೆ ಎಂದು. ಎಡಕ್ಕಿದ್ದರೆ ಇದ್ದದ್ದೂ ಖಾಲಿಯಾಗುತ್ತಿದೆ ಎಂದು. ಎಪ್ಪತ್ತು ದಾಟಿದ ಕಾರಿಗೆ ಇದೇನು ದೊಡ್ಡ ರೋಗವಲ್ಲ. ಆದರೆ ಭಾನುವಾರ ಹಳೇ ಕಾರುಗಳ ಮೆರವಣಿಗೆ ಇತ್ತು, ಮತ್ತು ಎಲ್ಲರಿಗಿಂತ ಮುಂದೆ ಹೋಗುವ ಕಾರು ಎರಡು ಗಂಟೆ ಹೆಡ್‌ಲೈಟ್ ಉರಿಸಿಕೊಂಡೇ ಹೋಗಬೇಕಿತ್ತು. ಆರು ವರ್ಷದಿಂದ ಆ ಜಾಗ ಹಲ್ಲಿನ ಡಾಕ್ಟರರ ಹಸಿರು ಕಾರಿಗೆ ಮೀಸಲು. ಆ ಕಾರಿನ ಹೊಗೆ ಕುಡಿಯುವುದು ಹಿಂದೆಯೇ ಬರುವ ಮಾವನವರಿಗೆ ಮೀಸಲು. ಈ ವರ್ಷ ಚೀಟಿ ಎತ್ತಿದಾಗ ಮೊದಲನೇ ಜಾಗ ಮಾವನವರಿಗೆ ಬಂದಿತ್ತು. ಚೀಟಿಯನ್ನು ಅವರು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು; ಕನ್ನಡಕ ಜೇಬಿನಲ್ಲಿ ಗೀರು ಬೀಳಿಸಿಕೊಳ್ಳುತ್ತಿತ್ತು.

ಮೂವತ್ತೆರಡು ವರ್ಷದ ನೌಕರಿಯಲ್ಲಿ ಹನ್ನೊಂದು ಕಚೇರಿಗಳಲ್ಲಿ ಚಾರ್ಜ್ ತೆಗೆದುಕೊಂಡವರು ನಮ್ಮ ಮಾವ. ಅವರ ಕಾರಿಗೆ ಮಾತ್ರ ಆ ವಿದ್ಯೆ ಹತ್ತಲಿಲ್ಲ. ತಕ್ಷಣ ಒಂದು ದೋಷಪತ್ತೆ ಸಮಿತಿ ರಚನೆಯಾಯಿತು. ಅಧ್ಯಕ್ಷರು ಮಾವ. ಏಕೈಕ ಸದಸ್ಯ ನಾನು. ಅಳಿಯನಾಗಿದ್ದು, ಒಲ್ಲೆ ಎನ್ನಲು ಬಾರದಿರುವುದೇ ನನ್ನ ಅರ್ಹತೆ.

ಅತ್ತೆ ಅಡುಗೆಮನೆ ಕಿಟಕಿಯಿಂದ ಕೂಗಿದರು. "ಗೊತ್ತಿರೋರನ್ನ ಯಾರನ್ನಾದ್ರೂ ಕರೀಬಾರ್ದಾ ರೀ?"

"ನಾನಿದ್ದೀನಲ್ಲೇ!"

"ಅದಕ್ಕೇ ಹೇಳಿದ್ದು."

ಬುಧವಾರ ಹೊಸ ಬ್ಯಾಟರಿ ಬಂತು. ಮುಳ್ಳು ಎಡಕ್ಕೇ ವಾಲಿತು. ಗುರುವಾರ ಫ್ಯಾನ್ ಬೆಲ್ಟ್ ಬಿಗಿ ಮಾಡಿದೆವು. ಬೆಲ್ಟ್ ಕೀಚಲು ದನಿಯಲ್ಲಿ ಆಕ್ಷೇಪಣೆ ಸಲ್ಲಿಸಿತು, ಮುಳ್ಳು ಕದಲಲಿಲ್ಲ. ಶುಕ್ರವಾರ ಕರೆಂಟ್ ಹುಟ್ಟಿಸುವ ಡೈನಮೋವನ್ನೇ ಬಿಚ್ಚಿ ಅದರ ಕಾರ್ಬನ್ ತುಂಡುಗಳನ್ನು ಬದಲಾಯಿಸಿದೆವು. ಒಂದು ಸ್ಪ್ರಿಂಗ್ ಹಾರಿ ಹೋಗಿ ಮಾವನವರ ಚಹಾದ ಲೋಟಕ್ಕೆ ಬಿತ್ತು. ಸಮಿತಿ ಅದನ್ನು ಚಮಚದಲ್ಲಿ ಎತ್ತಿ, ಒರೆಸಿ, ಸ್ವಸ್ಥಾನಕ್ಕೆ ಸೇರಿಸಿತು.

"ಮಾವ, ಮೀಟರ್ರೇ ಸುಳ್ಳು ಹೇಳ್ತಿರಬಹುದಾ?" ಎಂದೆ.

"ಅದು ನಮ್ಮನೆ ಮೀಟರು ಕಣಯ್ಯ. ಸುಳ್ಳು ಹೇಳೋ ಬುದ್ಧಿ ಅದಕ್ಕೆಲ್ಲಿಂದ ಬರುತ್ತೆ?" ಎಂದು ಅವರು ನನ್ನನ್ನೇ ದಿಟ್ಟಿಸಿದರು.

ಶನಿವಾರ ಅತ್ತೆ ಸಮಿತಿಯನ್ನು ಕೇಳದೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು. ಎರಡು ವೈರು ಸಿಕ್ಕಿಸಿದ ಒಂದು ಬಲ್ಬನ್ನು ಕೊರಳಿಗೆ ನೇತುಹಾಕಿಕೊಂಡೇ ತಿರುಗುವುದರಿಂದ ಆತನನ್ನು ಎಲ್ಲರೂ ಬಲ್ಬಣ್ಣ ಎನ್ನುತ್ತಿದ್ದರು. ಬಲ್ಬಣ್ಣ ಬಾನೆಟ್ ಎತ್ತಿ, ಒಳಗೆ ಬಗ್ಗಿ, ತನ್ನ ಮೀಸೆ ಸರಿಮಾಡಿಕೊಂಡ.

"ಸಾರ್, ಎಂಜಿನ್ನೋ ಕನ್ನಡೀನೋ ಇದು?"

ಐದು ದಿನದಲ್ಲಿ ಮೊದಲ ಬಾರಿಗೆ ಮಾವ ನಕ್ಕರು. "ಮೂರು ಕೋಟ್ ಕಪ್ಪು ಪೇಂಟು. ಸೋಮವಾರ ನಾನೇ ಹೊಡೆದದ್ದು. ಒಂದೊಂದು ಡಬ್ಬೀನೂ ಬಿಚ್ಚಿ, ಹಿಂದೆ ಮುಂದೆ, ಬೋಲ್ಟ್ ಕೂರೋ ತೂತಿನೊಳಗೂ. ಕಣ್ಣಿಗೆ ಕಾಣದ ಕಡೆ ಹೊಡೀತಾನಲ್ಲ, ಅವನು ಕೆಲಸಗಾರ."

"ಬೋಲ್ಟಿಗೂ ಹೊಡೆದ್ರಾ?"

"ಒಂದೊಂದಕ್ಕೂ!"

ಬಲ್ಬಣ್ಣ ಡೈನಮೋದ ವೈರುಗಳನ್ನು ಬಿಚ್ಚಿ ತನ್ನ ಬಲ್ಬಿಗೆ ಕೊಟ್ಟು ಎಂಜಿನ್ ಚಾಲೂ ಮಾಡಿಸಿದ. ಬಲ್ಬು ಝಗ್ ಅಂದಿತು. "ಇದು ಗಟ್ಟಿಮುಟ್ಟಾಗಿದೆ. ಇದನ್ನ ಯಾಕ್ ಬಿಚ್ಚಿದ್ರಿ?" ಸಮಿತಿ ಬೇರೆ ಕಡೆ ನೋಡಿತು. ವೈರುಗಳನ್ನು ಮೊದಲಿದ್ದಂತೆ ಸಿಕ್ಕಿಸಿ, ಡೈನಮೋದಿಂದ ಬಂದ ಕರೆಂಟನ್ನು ಬ್ಯಾಟರಿಗೆ ದಾಟಿಸುವ ರೆಗ್ಯುಲೇಟರ್ ಡಬ್ಬಿಯ ತಳಕ್ಕೆ ಒಂದು ತುಂಡು ವೈರು ಚುಚ್ಚಿ, ಇನ್ನೊಂದು ತುದಿಯನ್ನು ಎಂಜಿನ್ನಿನ ಬರೀ ಕಬ್ಬಿಣಕ್ಕೆ ತಾಗಿಸಿದ. ಮುಳ್ಳು ಟಕ್ಕನೆ ಬಲಕ್ಕೆ ಹಾರಿತು. ವೈರು ತೆಗೆದ. ಎಡಕ್ಕೆ ಬಿತ್ತು.

"ಅರ್ತ್ ಇಲ್ಲ ಸಾರ್."

"ಯಾವುದಕ್ಕೆ ಅರ್ಥ ಇಲ್ಲ?"

"ಈ ಡಬ್ಬಿಗೆ. ಅರ್ತ್ ಸಿಗೋಕೆ ಇದರ ತಳ ಕಾರಿನ ಮೈಗೆ ತಾಗ್ಬೇಕು, ಲೋಹಕ್ಕೆ ಲೋಹ. ನೀವು ಮಧ್ಯೆ ಪೇಂಟ್ ಬಳಿದು ಇಬ್ಬರಿಗೂ ಮಾತು ಬಿಡ್ಸಿದೀರ. ಕೆರೀಬೇಕು."

"ಕೆರೆಯೋದಾ? ಮೂರೂ ಕೋಟನ್ನಾ?"

"ಒಂದೇ ಕೋಟ್ ಕೆರೆದ್ರೆ ಇನ್ನೆರಡು ಉಳಿಯುತ್ತಲ್ಲ ಸಾರ್."

ಬಲ್ಬಣ್ಣ ಕೆರೆಯುವಾಗ ಮಾವ ಗೋಡೆಯ ಕಡೆ ತಿರುಗಿ ನಿಂತರು. ಮಗಳನ್ನು ನನಗೆ ಒಪ್ಪಿಸಿದ ದಿನವೂ ಅವರ ಕಣ್ಣು ಅಷ್ಟು ತುಂಬಿರಲಿಲ್ಲ. ಬೋಲ್ಟು ಬಿಗಿದಾದ ಮೇಲೆ ಹೆಡ್‌ಲೈಟ್ ಹಾಕಿ ಎಂಜಿನ್ ಎರಡು ಗಂಟೆ ಓಡಿಸಿದೆವು. ಮುಳ್ಳು ಬಲಕ್ಕೇ ನಿಂತಿತು. ಸಮಿತಿಯ ವರದಿಯಲ್ಲಿ ದೋಷ ಪತ್ತೆಹಚ್ಚಿದವರು ಅಧ್ಯಕ್ಷರೆಂದು ದಾಖಲಾಯಿತು.

ಭಾನುವಾರ ಮೈದಾನದ ಹಗ್ಗ ದಾಟಿ, ಒಂದು ಅಂತ ಬರೆದ ಹಲಗೆಯ ಎದುರು ಮಾವ ಕಾರು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ನಾನು, ಅತ್ತೆ. ಅತ್ತೆಯ ಮಡಿಲಲ್ಲಿ ಕಾರಿನ ಕಾಗದಗಳ ಚೀಲ. ತಪಾಸಣೆಗೆ ಬಂದ ಹೆಂಗಸು ಲೈಟು ನೋಡಿದರು, ಮೀಟರ್ ನೋಡಿದರು, ಎರಡಕ್ಕೂ ಟಿಕ್ ಹಾಕಿದರು. ನೋಂದಣಿ ಪುಸ್ತಕ ತೆರೆದವರ ಪೆನ್ನು ನಿಂತಿತು.

"ಸಾರ್, ಇದರಲ್ಲಿರೋದು ಹೆಂಗಸರ ಹೆಸರು."

"ನನ್ನದೇ," ಎಂದರು ಅತ್ತೆ. "ನಮ್ಮಪ್ಪ ನನಗೆ ಕೊಟ್ಟ ಕಾರು. ನಲವತ್ತು ವರ್ಷದಿಂದ ಹೇಳ್ತಾನೇ ಇದ್ದೀನಿ."

"ಮಾತಿಗೆ ಹೇಳ್ತೀಯ ಅಂದ್ಕೊಂಡಿದ್ದೆ," ಎಂದರು ಮಾವ.

"ಎಲ್ಲರಿಗಿಂತ ಮುಂದೆ ಹೋಗೋ ಕಾರಿಗೆ ವಿಮೆ ಇರೋದು ಮಾಲೀಕರು ಓಡಿಸಿದ್ರೆ ಮಾತ್ರ. ಒಂಬತ್ತನೇ ನಿಯಮ. ಹಗ್ಗದ ಒಳಗೆ ಬೇರೆಯವರು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ," ಎಂದರು ತಪಾಸಣೆಯ ಹೆಂಗಸು.

"ಇಲ್ಲಿವರೆಗೂ ನಾನೇ ಓಡಿಸ್ಕೊಂಡು ಬಂದೆನಲ್ಲಮ್ಮ!"

"ಅದನ್ನ ನಾನು ನೋಡಿಲ್ಲ ಸಾರ್. ಮೇಡಂ, ನಿಮಗೆ ಲೈಸೆನ್ಸ್ ಇದೆಯಾ?"

"ಓ, ಇದೆಯಲ್ಲ," ಎಂದು ಅತ್ತೆ ಚೀಲಕ್ಕೆ ಕೈಹಾಕಿದರು. ಮಾವನವರ ಮುಖದಲ್ಲಿ ಅರೆಕ್ಷಣ ಬೆಳಕು ಬಂತು. "ಸ್ಕೂಟರಿನದು."

ಹಿಂದಿನಿಂದ ಹಸಿರು ಕಾರು ಮೆಲ್ಲಗೆ ಹಾರನ್ ಮಾಡಿತು. ಹಲ್ಲಿನ ಡಾಕ್ಟರು ಕತ್ತು ಹೊರಹಾಕಿದರು. "ಬಾಯಿ ಬಿಡಿ ಅನ್ನೋದು ರೂಢಿ ನನಗೆ. ದಾರಿ ಬಿಡಿ ಅನ್ನೋಕೆ ಸಂಕೋಚ."

ಕಾರನ್ನು ಪಕ್ಕಕ್ಕೆ ಓಡಿಸುವಂತೆಯೂ ಇಲ್ಲ, ಅದೂ ಓಡಿಸಿದ್ದೇ ಆಗುತ್ತದೆ. ತಪಾಸಣೆಯ ಹೆಂಗಸು ನಿಯಮಗಳ ಪುಸ್ತಕ ಓದಿ ಓದಿ ಕೊನೆಗೆ ಒಂದು ದಾರಿ ಹುಡುಕಿದರು: ಎಂಜಿನ್ ಆರಿಸಿ, ಮಾಲೀಕರು ಸ್ಟೀರಿಂಗ್ ಹಿಡಿದು, ಉಳಿದವರು ತಳ್ಳಬಹುದು.

ಅತ್ತೆ ಮುಂದೆ ಬಂದು ಕೂತರು. ಮಾವ, ನಾನು, ಸಂಕೋಚದ ಡಾಕ್ಟರು, ಮೂವರೂ ಹಿಂದೆ ಹೆಗಲು ಕೊಟ್ಟೆವು.

"ಎಡಕ್ಕೆ ತಿರುಗ್ಸೇ! ಎಡಕ್ಕೆ!" ಮಾವ ಏದುಸಿರು ಬಿಡುತ್ತ ಕಿರುಚಿದರು.

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. "ತಳ್ಳೋರು ಮಾತಾಡೋ ಹಾಗಿದೆಯಾ, ಮೊದಲು ಆ ಪುಸ್ತಕದಲ್ಲಿ ನೋಡಿಸ್ಕೊಳ್ಳಿ ರೀ."