ಪುಟ್ಟಿಗೆ ಹೊರಟ ಮಾತು

ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅವರನ್ನು ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೂ ಮೇಸ್ತ್ರಿ ಕೆಲಸ ಬಿಡಲಿಲ್ಲ. ಬೆಳಿಗ್ಗೆ ಎದ್ದು ದೇವರ ಮುಂದೆ ಕೂರುವರು. ಆಮೇಲೆ ಮುಂದಿನ ಕೋಣೆಯ ಕಿಟಕಿಯ ಬಳಿ, ಯಾರಾದರೂ ತಂದಿಟ್ಟ ಯಂತ್ರವನ್ನು ಬಿಚ್ಚಿಕೊಂಡು ಕೂರುವರು. ಸೂಜಿಯ ಅಡಿಯಲ್ಲಿ ನೂಲಿನ ಕಸ ತುಂಬಿ ಯಂತ್ರ ಬಿಗಿದುಕೊಂಡಿದ್ದರೆ ಅದನ್ನು ಕುಂಚದಿಂದ ತೆಗೆದು, ಒಂದು ತೊಟ್ಟು ಎಣ್ಣೆ ಬಿಟ್ಟು, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುವರು. ಬಲವಂತ ಮಾಡಬಾರದು, ಎಣ್ಣೆಗೆ ಸಮಯ ಕೊಡಬೇಕು ಎನ್ನುವುದು ಅವರ ಮಾತು. ಅದೊಂದೇ ವಿದ್ಯೆಯಿಂದ ಅವರ ಸಂಸಾರ ನಡೆದಿತ್ತು.

ಕೋಣೆಯ ಮೂಲೆಯಲ್ಲಿ ಹೆಂಡತಿಯ ಸ್ವಂತ ಯಂತ್ರವಿತ್ತು. ಅದರ ಹಲಗೆಯ ಮೇಲೆ, ಯಂತ್ರಕ್ಕೆ ಹೊದಿಸುವ ಬಟ್ಟೆಯ ಅಡಿಯಲ್ಲಿ, ಅವಳ ಟ್ಯಾಬ್ ಇತ್ತು. ಅದು ಹ್ಯಾಂಗ್ ಆಗಿತ್ತು. ಪರದೆ ಬೆಳಗುತ್ತಲೇ ಇತ್ತು, ಆದರೆ ಬೆರಳು ಮುಟ್ಟಿಸಿದರೆ ಮಿಸುಕುತ್ತಿರಲಿಲ್ಲ. ಮೇಲೆ ‘ಪುಟ್ಟಿ’ ಎಂಬ ಹೆಸರು. ಕೆಳಗೆ ಅವಳು ಮಾತಾಡಿ ಕಳುಹಿಸಿದ ಸಂದೇಶದ, ದನಿಯ ಗೆರೆಗಳಿರುವ ಉದ್ದನೆಯ ಪಟ್ಟಿ. ಅದರ ಪಕ್ಕದಲ್ಲಿ ತಿರುಗುತ್ತ ತಿರುಗುತ್ತ ನಿಂತುಹೋದ ಒಂದು ಸಣ್ಣ ಚಕ್ರ. ಅವಳು ತೀರಿಹೋದ ದಿನದ ಬೆಳಿಗ್ಗೆ ತನ್ನ ತಂಗಿಗೆಂದು ಆಡಿದ ಮಾತು ಹೋಗದೆ ಹಾಗೇ ಸಿಕ್ಕಿಕೊಂಡಿತ್ತು.

ಪುಟ್ಟಿ ಎಂದರೆ ಮೇಸ್ತ್ರಿಯ ನಾದಿನಿ. ತಲೆ ನರೆತು ಮೊಮ್ಮಕ್ಕಳನ್ನು ಕಂಡಿದ್ದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿದ್ದಳು. ದಿನಾ ಬೆಳಿಗ್ಗೆ ಅಕ್ಕ ಒಳಕೋಣೆಯಲ್ಲಿ ಕುಳಿತು ಟ್ಯಾಬನ್ನು ಬಾಯಿ ಹತ್ತಿರ ಹಿಡಿದು ಅವಳಿಗೆ ಏನೇನೋ ಹೇಳುವಳು, ನಡುನಡುವೆ ನಗುವಳು. ಮೇಸ್ತ್ರಿಗೆ ಆ ನಗು ಗೋಡೆಯಾಚೆಯಿಂದ ಮಾತ್ರ ಗೊತ್ತು. ತಮ್ಮ ಎದುರಿಗೆ ಅವಳು ಅಕ್ಕಿ ಮುಗಿದದ್ದನ್ನು, ಮಾತ್ರೆ ನುಂಗಬೇಕಾದ್ದನ್ನು ಹೇಳುತ್ತಿದ್ದಳೇ ಹೊರತು ಹಾಗೆ ನಕ್ಕದ್ದು ಅವರಿಗೆ ನೆನಪಿಲ್ಲ. ನೀರು ಕುಡಿಯುವ ನೆಪ ಮಾಡಿಕೊಂಡು ಒಳಗೆ ಹೋದರೆ ದನಿ ತಗ್ಗುತ್ತಿತ್ತು. ‘ಏನಂತೆ?’ ಎಂದರೆ, ‘ಏನಿಲ್ಲ, ಅಕ್ಕ ತಂಗೀರ ಮಾತು’ ಎನ್ನುವಳು.

ಹೀಗಿರುವಾಗ ಅವಳ ಕಡೆಯ ಮಾತೂ ತಂಗಿಯ ಹೆಸರಿಗೇ ಹೊರಟು ನಿಂತಿರುವುದನ್ನು ಕಂಡು ಮೇಸ್ತ್ರಿಯ ಹೊಟ್ಟೆ ಉರಿಯಿತು. ಅದನ್ನು ಹೇಗಾದರೂ ಮಾಡಿ ತಾವು ಕೇಳಬೇಕೆನಿಸಿತು. ಬದಿಯ ಗುಂಡಿಯನ್ನು ಒತ್ತಿ ನೋಡಿದರು, ಏನೂ ಆಗಲಿಲ್ಲ. ಬಿಗಿದುಕೊಂಡಿದೆ ಎಂದುಕೊಂಡು, ಅಭ್ಯಾಸದಂತೆ ಗುಂಡಿಯ ಸಂದಿಗೆ ಒಂದು ತೊಟ್ಟು ಯಂತ್ರದ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು ಒತ್ತಿದರು. ಮೊದಲು ಟಿಕ್ಕೆನ್ನುತ್ತಿದ್ದ ಗುಂಡಿ ಈಗ ಮೆತ್ತಗೆ ಒಳಗೆ ಹೋಗಿ ಸುಮ್ಮನೆ ಹೊರಗೆ ಬಂತು.

ಯಂತ್ರ ರಿಪೇರಿಗೆ ಕೊಡಲು ಬಂದ ದರ್ಜಿ ಹೆಂಗಸೊಬ್ಬಳು ಟ್ಯಾಬನ್ನು ನೋಡಿ, ‘ಆರಿಸಿ ಹಚ್ಚಿದ್ರೆ ಸರಿಹೋಗುತ್ತೆ ಮೇಸ್ತ್ರಿ. ಎದ್ದ ಕೂಡಲೇ ಆ ಮಾತು ಯಾರಿಗೆ ಹೋಗ್ಬೇಕೋ ಅವರಿಗೆ ಹೋಗ್ಬಿಡುತ್ತೆ’ ಎಂದಳು. ಅಂದಿನಿಂದ ಮೇಸ್ತ್ರಿ ಅದನ್ನು ಎಬ್ಬಿಸುವ ಯೋಚನೆ ಬಿಟ್ಟರು. ಆರಿಹೋಗದಂತೆ, ಅವಳೇ ಸಿಕ್ಕಿಸಿಟ್ಟಿದ್ದ ಚಾರ್ಜರಿನ ತಂತಿಯನ್ನು ತೆಗೆಯದೆ, ಮೇಲೆ ಬಟ್ಟೆ ಹೊದಿಸಿಟ್ಟರು. ತಮಗೆ ಸಿಗದಿದ್ದರೆ ಬೇಡ, ನಾದಿನಿಗೂ ಸಿಗುವುದು ಬೇಡ. ಬೆಳಿಗ್ಗೆ ದೇವರ ಮುಂದೆ ಕುಳಿತು ಹೆಂಡತಿಗೆ ಸದ್ಗತಿ ಬೇಡುವ ಬಾಯಿಯೇ, ಈ ಮಾತು ಅವಳ ತಂಗಿಗೆ ಮುಟ್ಟದಿರಲಿ ಎಂದು ಒಳಗೊಳಗೇ ಬೇಡುತ್ತಿತ್ತು. ಒಂದೇ ಬಾಯಲ್ಲಿ ಎರಡು ಬೇಡಿಕೆ ಸಲ್ಲದು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಡಿದರು.

ಒಂದು ದಿನ ಬೆಳಿಗ್ಗೆ ನಾದಿನಿ ಬಂದಳು. ಅಕ್ಕನ ಬಟ್ಟೆಬರೆ ವಿಂಗಡಿಸಿ ಕೊಡುತ್ತೇನೆಂದು ಮೊದಲೇ ಹೇಳಿದ್ದಳು. ಬೀರು ಖಾಲಿ ಮಾಡಿ, ಮಡಿಸಿದ ಬಟ್ಟೆಗಳನ್ನು ಇಡಲು ಜಾಗ ಸಾಲದೆ, ಮೂಲೆಯ ಯಂತ್ರದ ಮೇಲಿನ ಹೊದಿಕೆಯನ್ನು ಎಳೆದಳು. ಟ್ಯಾಬಿನ ಬೆಳಕು ಅವಳ ಮುಖಕ್ಕೆ ಬಿತ್ತು.

ಅವಳು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

‘ಭಾವ, ಇದು ನನ್ನ ಹೆಸರು.’

‘ಹೂಂ.’

‘ಆವತ್ತಿನದು. ಆವತ್ತು ಬೆಳಿಗ್ಗೆ ಅಕ್ಕನ ಮಾತು ಬರಲಿಲ್ಲ ಅಂತ ನಾನು ಮೊಬೈಲ್ ಹಿಡ್ಕೊಂಡು ಕಾದಿದ್ದೆ. ಮಧ್ಯಾಹ್ನ ನಿಮ್ಮ ಫೋನೇ ಬಂತು.’ ಟ್ಯಾಬಿನಿಂದ ಕಣ್ಣೆತ್ತಿ ಕೇಳಿದಳು: ‘ಇಷ್ಟು ದಿನ ಯಾಕೆ ಹೇಳಲಿಲ್ಲ?’

‘ಕೆಟ್ಟು ನಿಂತಿದೆ ಕಣಮ್ಮ. ಕೆಟ್ಟಿದ್ದನ್ನ ಏನು ಹೇಳೋದು?’

‘ಕೆಟ್ಟಿದ್ದಕ್ಕೆ ಚಾರ್ಜ್ ಯಾಕೆ ಹಾಕಿಟ್ಟಿದ್ದೀರಿ?’

ಮೇಸ್ತ್ರಿ ಕೈಯಲ್ಲಿದ್ದ ತಿರುಪುಳಿಯನ್ನು ಬಟ್ಟೆಯಿಂದ ಒರೆಸಿದರು.

‘ಏಳಿ, ಅಂಗಡಿಗೆ ಹೋಗೋಣ’ ಎಂದಳು ನಾದಿನಿ. ‘ತಾನೂ ಉಣ್ಣ, ಕೇಳಿದವರಿಗೂ ಬಡಿಸ ಅನ್ನೋ ಹಾಗೆ ಕೂತಿದ್ದೀರಿ.’

ಮೊಬೈಲ್ ರಿಪೇರಿ ಅಂಗಡಿ ಬೀದಿಯ ತುದಿಯಲ್ಲಿತ್ತು. ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತಿದ್ದ ಅಂಗಡಿಯಾಕೆ ಬಾಯಲ್ಲಿ ಏನೋ ಜಗಿಯುತ್ತಿದ್ದಳು. ಟ್ಯಾಬನ್ನು ತಿರುಗಿಸಿ ನೋಡಿ, ಬದಿಯ ಗುಂಡಿಯನ್ನು ಅದುಮಿ ಹಿಡಿದಳು. ಏನೂ ಆಗಲಿಲ್ಲ. ಬೆರಳನ್ನು ಮೂಗಿನ ಹತ್ತಿರ ತಂದುಕೊಂಡಳು.

‘ಯಾರು ಇದಕ್ಕೆ ಎಣ್ಣೆ ಹಾಕಿದ್ದು?’

ಮೇಸ್ತ್ರಿ ಗೋಡೆಯ ಮೇಲಿನ ಗಡಿಯಾರವನ್ನು ನೋಡಿದರು.

‘ಭಾವ, ನೀವಾ?’

‘ಒಂದೇ ತೊಟ್ಟು. ಒಳ್ಳೇ ಎಣ್ಣೆ’ ಎಂದರು ಮೇಸ್ತ್ರಿ.

ಅಂಗಡಿಯಾಕೆ ನಕ್ಕಳು. ‘ಒಳ್ಳೇದೇ ಇರ್ಬಹುದು ಅಜ್ಜ, ಇದಕ್ಕೆ ಅಭ್ಯಾಸ ಇಲ್ಲ ಅಷ್ಟೆ. ಹ್ಯಾಂಗ್ ಆದ್ರೆ ಈ ಗುಂಡಿ ಅದುಮಿ ಹಿಡಿದ್ರೆ ಸಾಕಿತ್ತು, ತಾನೇ ಆರಿ ತಾನೇ ಹತ್ತೋದು. ಈಗ ಗುಂಡಿ ಕೆಟ್ಟುಹೋಗಿದೆ. ಬಿಚ್ಚಬಹುದು, ಆದ್ರೆ ಗಾಜು ಒಡೆದ್ರೆ ನನ್ನನ್ನ ಕೇಳಬಾರದು.’

‘ಬಿಚ್ಚೋದು ಬೇಡ’ ಎಂದರು ಇಬ್ಬರೂ ಒಟ್ಟಿಗೇ.

‘ಹಾಗಾದ್ರೆ ಚಾರ್ಜ್ ತೆಗೆದು ಸುಮ್ನೆ ಬಿಟ್ಬಿಡಿ. ಪೂರ್ತಿ ಖಾಲಿಯಾಗಿ ತಾನೇ ಆರಲಿ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ತಂತಿ ಸಿಕ್ಕಿಸಿ. ಈ ಜಾತಿಯದು ಗುಂಡಿ ಇಲ್ದೇನೂ ಎದ್ದೇಳುತ್ತೆ.’

‘ಒಳಗಿರೋ ಮಾತು?’ ನಾದಿನಿ ಕೇಳಿದಳು.

‘ಉಳಿದರೆ ಹೋಗಬೇಕಾದ ಕಡೆಗೆ ಹೋಗುತ್ತೆ. ಇಲ್ಲದಿದ್ರೆ ಅಳಿಸಿಹೋಗಿರುತ್ತೆ. ಅದು ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ.’

ಅಳಿಸಿಹೋಗಿರುತ್ತದೆ ಎಂಬ ಮಾತು ಕಿವಿಗೆ ಬಿದ್ದಾಗ ಮೇಸ್ತ್ರಿಗೆ ಭಯವಾಯಿತು. ಭಯದ ಬೆನ್ನಿಗೇ ಒಂದು ಸಮಾಧಾನವೂ ಬಂತು. ಹಾಗಾದರೆ ಯಾರಿಗೂ ಇಲ್ಲ. ಆ ಸಮಾಧಾನವನ್ನು ಕಂಡು ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ದಾರಿಯುದ್ದಕ್ಕೂ ತಲೆ ಎತ್ತದೆ ನಡೆದರು.

ಮನೆಗೆ ಬಂದು ಟ್ಯಾಬನ್ನು ಯಂತ್ರದ ಹಲಗೆಯ ಮೇಲಿಟ್ಟು, ಇಬ್ಬರೂ ಎರಡು ಕಡೆ ಸ್ಟೂಲು ಹಾಕಿಕೊಂಡು ಕಾದು ಕುಳಿತರು. ಮಧ್ಯಾಹ್ನವಾಯಿತು. ಬೀದಿಯಲ್ಲಿ ಶಾಲೆಯ ಮಕ್ಕಳು ಕೂಗಾಡುತ್ತ ಹೋದರು. ಪರದೆ ಬೆಳಗುತ್ತಲೇ ಇತ್ತು. ಹೆಂಡತಿಯ ಕೊನೆಯ ದಿನವೂ ಹೀಗೇ ಹಾಸಿಗೆಯ ಬದಿಯಲ್ಲಿ ಕಾದಿದ್ದು ಮೇಸ್ತ್ರಿಗೆ ನೆನಪಾಯಿತು. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ.

‘ದಿನಾ ಏನು ಮಾತಾಡ್ತಿದ್ರಿ ಇಬ್ಬರೂ?’ ಎಂದು ಕೊನೆಗೆ ಕೇಳಿದರು.

‘ನಿಮಗ್ಯಾಕೆ?’

‘ಸುಮ್ನೆ ಕೇಳ್ದೆ.’

‘ಹಲ್ಲು ನೋವು. ಸೊಸೆ ಮಾಡೋ ಸಾರು. ಅಮ್ಮ ಉಡ್ತಿದ್ದ ಸೀರೆ ಯಾವ ಬಣ್ಣ ಅಂತ ಒಂದು ವಾರ ಜಗಳ ಆಡಿದ್ದೀವಿ. ಅದೇ ಭಾವ, ಮತ್ತೇನಿರುತ್ತೆ?’

‘ಅಷ್ಟಕ್ಕೆ ಅಷ್ಟೊಂದು ನಗ್ತಿದ್ಲಾ?’

ನಾದಿನಿ ಅವರ ಮುಖವನ್ನೇ ನೋಡಿದಳು. ‘ನಿಮಗೆ ಹೊಟ್ಟೆಕಿಚ್ಚಾ?’

ಮೇಸ್ತ್ರಿ ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು.

‘ನಿಮಗೆ ಹೊಟ್ಟೆಕಿಚ್ಚು ಬರಬಾರದಪ್ಪ’ ಎಂದಳು ಅವಳು, ದನಿ ಸ್ವಲ್ಪ ಗಡುಸಾಯಿತು. ‘ಬಂದರೆ ನನಗೆ ಬರಬೇಕು. ಅಮ್ಮ ಹೋದಾಗ ನನಗೆ ಬುದ್ಧಿ ತಿಳಿದಿರಲಿಲ್ಲ. ನನ್ನ ತಲೆ ಬಾಚಿದ್ದು, ಜ್ವರ ಬಂದ್ರೆ ಪಕ್ಕ ಕೂತಿದ್ದು ಅವಳು. ನೀವು ಬಂದು ಮದುವೆ ಮಾಡ್ಕೊಂಡು ಕರ್ಕೊಂಡು ಹೋದ್ರಿ. ಅವತ್ತು ಬಾಗಿಲಲ್ಲಿ ನಿಂತು ನಿಮಗೆ ಎಷ್ಟು ಶಾಪ ಹಾಕಿದ್ದೀನಿ ಗೊತ್ತಾ? ಇಡೀ ದಿನ ಅವಳು ನಿಮ್ಮ ಕಣ್ಣ ಮುಂದೆ ಇದ್ಲು. ನನಗೆ ಬೆಳಿಗ್ಗೆ ಒಂದು ಚೂರು ಸಿಗ್ತಿತ್ತು. ಆ ಚೂರಿಗೂ ನಿಮ್ಮ ಕಣ್ಣು.’

‘ಆ ಚೂರಲ್ಲೇ ಅವಳ ಜೀವ ಇತ್ತು ಅಂತ ನನಗೆ ಅನ್ನಿಸ್ತಿತ್ತು’ ಎಂದರು ಮೇಸ್ತ್ರಿ.

‘ಮಿಕ್ಕಿದ್ದರಲ್ಲಿ ಇರಲಿಲ್ವಾ? ನಿಮ್ಮ ಅಂಗಿ ಕಾಲರ್ ಯಾರು ತಿರುಗಿಸಿ ಹೊಲೀತಿದ್ರು?’

ಮೇಸ್ತ್ರಿ ತಮ್ಮ ಕಾಲರನ್ನು ಮುಟ್ಟಿ ನೋಡಿಕೊಂಡರು. ಆದರೂ ಹೊಟ್ಟೆಕಿಚ್ಚು ಆರಲಿಲ್ಲ. ಕಾಲರ್ ಹೊಲಿಯುವವಳು ಬಾಯಿ ಮುಚ್ಚಿಕೊಂಡು ಹೊಲಿಯುತ್ತಿದ್ದಳು, ಅಷ್ಟೇ ಅವರಿಗೆ ಹೊಳೆದದ್ದು.

ಇಳಿಹೊತ್ತಿನಲ್ಲಿ ಪರದೆ ಫಕ್ಕನೆ ಕಪ್ಪಾಯಿತು. ಇಬ್ಬರ ಕೈಗಳೂ ಅದರ ಕಡೆಗೆ ಒಟ್ಟಿಗೇ ಚಾಚಿದವು.

‘ಹೋಯ್ತು’ ಎಂದಳು ನಾದಿನಿ. ಎಂದ ಮೇಲೆ ತಾನೇ ಬೆಚ್ಚಿ ಸೆರಗು ಬಾಯಿಗೆ ಹಿಡಿದಳು.

ಅಂಗಡಿಯಾಕೆ ಹೇಳಿದಂತೆ ಸ್ವಲ್ಪ ಹೊತ್ತು ಬಿಟ್ಟು ಮೇಸ್ತ್ರಿ ತಂತಿ ಸಿಕ್ಕಿಸಿದರು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಪರದೆಯ ನಡುವೆ ಒಂದು ಬಿಳಿಯ ಗುರುತು ಮೂಡಿತು, ಬೆಳಕು ಹರಡಿತು. ಮೇಸ್ತ್ರಿ ಬೆರಳಿಟ್ಟರು. ಈ ಸಲ ಅದು ಬೆರಳಿಗೆ ಓಗೊಟ್ಟಿತು, ಆದರೆ ಅಂಕಿಗಳನ್ನು ಮುಂದಿಟ್ಟು ಗುಟ್ಟಿನ ಸಂಖ್ಯೆ ಕೇಳಿತು.

ಮೇಸ್ತ್ರಿಗೆ ಅದು ಗೊತ್ತಿರಲಿಲ್ಲ. ಕೇಳುವ ಪ್ರಮೇಯವೇ ಬಂದಿರಲಿಲ್ಲ. ಅವರು ಸುಮ್ಮನೆ ನಾದಿನಿಯ ಕಡೆ ತಿರುಗಿದರು.

‘ಅಮ್ಮ ತೀರಿಕೊಂಡ ವರ್ಷ’ ಎಂದಳು ಅವಳು ಮೆಲ್ಲಗೆ.

ಇದೂ ಇವಳಿಗೇ ಗೊತ್ತು. ಮೇಸ್ತ್ರಿ ಟ್ಯಾಬನ್ನು ಅವಳ ಕಡೆ ತಳ್ಳಿದರು. ಅವಳು ಅದನ್ನು ಹಿಂದಕ್ಕೆ ತಳ್ಳಿದಳು. ‘ನೀವೇ ಒತ್ತಿ, ನಾನು ಹೇಳ್ತೀನಿ.’ ಅವಳು ಒಂದೊಂದೇ ಅಂಕಿ ಹೇಳಿದಳು. ಅವರು ಒಂದೊಂದೇ ಒತ್ತಿದರು.

ನಾದಿನಿ ತೋರಿಸಿದ ಕಡೆ ಬೆರಳಿಟ್ಟಾಗ ಪುಟ ತೆರೆಯಿತು. ಪುಟ್ಟಿ ಎಂಬ ಹೆಸರು, ಅದೇ ಪಟ್ಟಿ. ಸಣ್ಣ ಚಕ್ರ ಒಂದು ಸುತ್ತು ತಿರುಗಿ ಮಾಯವಾಯಿತು. ನಾದಿನಿಯ ಕೈಚೀಲದೊಳಗೆ ಟಿಣ್ ಎಂದಿತು.

ಅವಳು ಎದ್ದು ನಿಂತಳು. ಚೀಲವನ್ನು ಎದೆಗೆ ಅವುಚಿಕೊಂಡಳು. ‘ಬಸ್ಸಿಗೆ ಹೊತ್ತಾಯ್ತು ಭಾವ. ಬೇಜಾರು ಮಾಡ್ಕೋಬೇಡಿ. ನನ್ನ ಹೆಸರಿಗೆ ಬಂದಿದೆ, ಮೊದಲು ನಾನೊಬ್ಬಳೇ ಕೇಳ್ತೀನಿ.’

‘ಹೂಂ’ ಎಂದರು ಮೇಸ್ತ್ರಿ. ಇಲ್ಲೇ ಕೂತು ಕೇಳು ಎನ್ನಬೇಕೆಂದಿದ್ದರು; ಬದಲಿಗೆ ಸ್ಟೂಲು ಸರಿಸಿ ಅವಳಿಗೆ ದಾರಿ ಬಿಟ್ಟರು.

ಅವಳು ಬೀದಿ ದಾಟಿ ಎದುರಿನ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕುಳಿತದ್ದು ಕಿಟಕಿಯಿಂದ ಕಾಣುತ್ತಿತ್ತು. ಕನ್ನಡಕಕ್ಕಾಗಿ ಚೀಲದೊಳಗೆ ತಡಕಾಡುತ್ತಿದ್ದಳು. ಮೇಸ್ತ್ರಿಯ ಮುಂದೆ ಟ್ಯಾಬ್ ತೆರೆದೇ ಇತ್ತು. ಬೆರಳು ತಾಗಿಸಿದರೆ ಸಾಕು. ಅವಳು ಕನ್ನಡಕ ಹುಡುಕುವಷ್ಟರಲ್ಲಿ ಅವಳಿಗಿಂತ ಮೊದಲು ತಾವೇ ಕೇಳಬಹುದು. ಬೆರಳು ಪಟ್ಟಿಯ ಮೇಲಕ್ಕೆ ಹೋಗಿಯೇ ಹೋಯಿತು. ದೇವರೇ, ಎಂದರು. ದೇವರು ಬೇಡವೆಂದೂ ಹೇಳಲಿಲ್ಲ, ಕೇಳೆಂದೂ ಹೇಳಲಿಲ್ಲ. ಕದ್ದು ಕೇಳಿದರೆ ಅದು ಗೋಡೆಯಾಚೆಯ ಮಾತೇ ಆಗುತ್ತದೆ, ತಮಗೆ ಹೇಳಿದ ಮಾತಾಗುವುದಿಲ್ಲ ಎಂದು ಮಾತ್ರ ಅವರಿಗೆ ತೋರಿತು. ಟ್ಯಾಬನ್ನು ಬೋರಲು ಹಾಕಿ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಭಾರ ಬಿಟ್ಟು ಕುಳಿತರು.

ನಾದಿನಿ ಮೊಬೈಲನ್ನು ಕಿವಿಗೊತ್ತಿಕೊಂಡಿದ್ದಳು. ಬೆನ್ನು ಬಾಗಿತ್ತು, ಭುಜ ಅಲುಗುತ್ತಿತ್ತು. ಅಳುತ್ತಿರುವಳೋ ನಗುತ್ತಿರುವಳೋ ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಬಸ್ಸು ಬಂತು, ನಿಂತಿತು, ಹೊರಟಿತು. ಬೆಂಚಿನ ಮೇಲೆ ಅವಳು ಹಾಗೇ ಕುಳಿತಿದ್ದಳು. ಆಮೇಲೆ ಎದ್ದು, ಎರಡೂ ಕಡೆ ನೋಡಿ, ಬೀದಿ ದಾಟಿ ಮನೆಯ ಕಡೆಗೇ ಬಂದಳು. ಅವಳು ತಟ್ಟುವ ಮೊದಲೇ ಮೇಸ್ತ್ರಿ ಬಾಗಿಲು ತೆಗೆದರು.

‘ಬಸ್ಸು ಹೋಯ್ತಲ್ಲ.’

‘ಹೋಗ್ಲಿ ಬಿಡಿ, ಇನ್ನೊಂದು ಬರುತ್ತೆ. ನೀವು ಕೇಳಿದ್ರಾ?’

‘ಇಲ್ಲ.’

ಅವಳು ಬೋರಲು ಬಿದ್ದಿದ್ದ ಟ್ಯಾಬನ್ನು ನೋಡಿದಳು, ಆಮೇಲೆ ಅವರ ಮುಖವನ್ನು ನೋಡಿದಳು. ಅವಳ ಕಣ್ಣು ಕೆಂಪಾಗಿತ್ತು, ತುಟಿ ಮಾತ್ರ ಬೇರೇನನ್ನೋ ತಡೆದು ಹಿಡಿದಿತ್ತು.

‘ಬಯ್ದಿದ್ದಾಳೆ ಭಾವ.’

‘ಯಾರನ್ನ?’

‘ನಮ್ಮಿಬ್ಬರನ್ನೂ.’

ಮೇಸ್ತ್ರಿ ಸ್ಟೂಲನ್ನು ಅವಳ ಕಡೆಗೆ ಸರಿಸಿದರು. ಅವಳು ಕುಳಿತು ಮೊಬೈಲನ್ನು ಯಂತ್ರದ ಹಲಗೆಯ ಮೇಲಿಟ್ಟಳು. ಅವರೂ ಕುಳಿತರು, ಕುಳಿತು ತಡೆಯಲಾರದೆ ಕೇಳಿದರು:

‘ಮೊದಲು ಯಾರನ್ನ?’

‘ಬಾಯಿ ಮುಚ್ಕೊಂಡು ಕೇಳಿ’ ಎಂದು ನಾದಿನಿ ಪಟ್ಟಿಯ ಮೇಲೆ ಬೆರಳಿಟ್ಟಳು.