ಡಿ ಡ್ರೈವ್‌ನಲ್ಲೇ ಉಳಿದ ಸಮಾಧಿಗಳು

ತಾಲ್ಲೂಕು ಕಚೇರಿಯ ಕಂಪ್ಯೂಟರ್ ಪರದೆಯ ಮೇಲೆ ನಲವತ್ತೊಂದು ಖಾಲಿ ಚೌಕಗಳು ಮೂಡಿದವು. ಒಂದರಲ್ಲೂ ಫೋಟೊ ಇಲ್ಲ.

"ಏನಮ್ಮ ಮಾಲಿನಿ, ಸಮಾಧಿ ತೋರಿಸ್ತೀನಿ ಅಂದ್ರಿ?" ಎಂದರು ಅಧಿಕಾರಿ.

ಎದುರು ಪಕ್ಷದ ವಕೀಲ ನಕ್ಕ. ಅವನ ವಾದವೇ ಅದು: ಹಾರನಹಳ್ಳಿಯ ಆ ಎರಡು ಎಕರೆ ಬರೀ ಪಾಳು, ಒಂದು ಕಲ್ಲೂ ಇಲ್ಲ, ಸೈಟು ಮಾಡಬಹುದು. ಕಲ್ಲಿಲ್ಲ ಅನ್ನುವುದು ನಿಜ. ನಮ್ಮ ಕೇರಿಯವರು ಸತ್ತವರಿಗೆ ಕಲ್ಲು ನೆಡುವುದಿಲ್ಲ. ಆದರೆ ಮೂರು ತಲೆಮಾರಿನವರನ್ನು ಮಣ್ಣು ಮಾಡಿದ್ದು ಅಲ್ಲೇ.

ಅಜ್ಜಿ ಮುತ್ತಮ್ಮ ತೋರಿಸಿದ ಒಂದೊಂದು ಜಾಗದಲ್ಲೂ ಆಯಾ ಮನೆಯವರನ್ನು ನಿಲ್ಲಿಸಿ ಫೋಟೊ ತೆಗೆದಿದ್ದೆ. ಅರಸೀಕೆರೆಯಲ್ಲಿ ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಯಲ್ಲೇ ಅವನ್ನೆಲ್ಲ ಒಂದು ವೆಬ್ ಪುಟಕ್ಕೆ ಜೋಡಿಸಿ, ಸಿ.ಡಿ. ಬರೆದು, ಅಲ್ಲೇ ಹಾಕಿ ನೋಡಿದ್ದೆ. ಎಲ್ಲ ಬಂದಿದ್ದವು. ನನ್ನಂಥ ಜಾಣೆ ಇನ್ನೊಬ್ಬಳಿಲ್ಲ ಎಂದು ಬೀಗಿದ್ದೆ.

"ಒಂದು ಗಂಟೆಗೆ ಆದೇಶ ಬರೆಸ್ತೀನಿ," ಎಂದು ಅಧಿಕಾರಿ ಗಡಿಯಾರ ನೋಡಿದರು. ಹನ್ನೆರಡೂ ಮುಕ್ಕಾಲು.

"ನಮ್ಮ ಕಂಪ್ಯೂಟರ್ ನಿಮ್ಮ ಅಂಗಡೀದರ ಥರ ವಿಂಡೋಸ್ ಅಲ್ಲ ಮೇಡಂ, ಲಿನಕ್ಸ್," ಎಂದಳು ಕಚೇರಿಯ ಆಪರೇಟರ್ ನಂದಿತಾ.

ಹಿಂದಿನ ಬೆಂಚಿನಿಂದ ಅಜ್ಜಿ ಗದರಿದಳು: "ಯಾಕೆ ಗರ ಬಡ್ದಂಗೆ ನಿಂತೆ? ಬಾಯಲ್ಲೇ ಹೇಳೇ! ದ್ಯಾವಯ್ಯನಿಂದ ಎರಡು ಹೆಜ್ಜೆಗೆ ನಿಮ್ ತಾತ, ತಾತನಿಂದ ನಾಕು ಹೆಜ್ಜೆಗೆ ನಿಮ್ಮಪ್ಪ..."

ನಮ್ಮಲ್ಲಿ ಹೇಳುವುದೇ ಹಾಗೆ. ಪಕ್ಕದವರಿಂದ ಪಕ್ಕದವರಿಗೆ ಹೆಜ್ಜೆ ಎಣಿಸುತ್ತಾರೆ. ಆಗ ನನಗೆ ಹೊಳೆಯಿತು.

ಪುಟದೊಳಗೆ ಚಿತ್ರ ಇರುವುದಿಲ್ಲ, ಚಿತ್ರಕ್ಕೆ ಹೋಗುವ ದಾರಿ ಇರುತ್ತದೆ. ಫೋಟೊಗಳು ಸಿ.ಡಿ.ಯಲ್ಲಿ ಪುಟದ ಪಕ್ಕದಲ್ಲೇ ಇದ್ದವು. ನಾನು ಮಾತ್ರ ಪ್ರತಿಯೊಂದಕ್ಕೂ ಅಂಗಡಿಯ ಕಂಪ್ಯೂಟರಿನ ಡಿ ಡ್ರೈವ್‌ನಿಂದ ದಾರಿ ಬರೆದಿದ್ದೆ. ಲಿನಕ್ಸ್‌ನಲ್ಲಿ ಡಿ ಡ್ರೈವ್ ಎಂಬುದೇ ಇಲ್ಲ. ಅಂಗಡಿಯಲ್ಲಿ ಕಂಡ ಫೋಟೊಗಳೂ ಸಿ.ಡಿ.ಯವಲ್ಲ, ಆ ಡ್ರೈವಿನವು! ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

"ಸಿ.ಡಿ. ತಿದ್ದಕ್ಕಾಗಲ್ಲ ಸಾರ್. ಈ ಮಿಷಿನ್ನಿಗೆ ಕಾಪಿ ಮಾಡ್ಕೊಂಡು ಪುಟ ತಿದ್ತೀನಿ."

"ತಿದ್ದಿದ್ಮೇಲೆ ಅದೆಂಥ ಸಾಕ್ಷಿ ಸಾರ್?" ವಕೀಲ ಎದ್ದು ನಿಂತ.

ಅಧಿಕಾರಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ಫೋಟೊ ಮುಟ್ಟಬೇಡಿ. ದಾರಿ ಮಾತ್ರ ತಿದ್ದಿ. ನನ್ನ ಕಣ್ಣೆದುರಿಗೆ."

ಕಾಪಿ ಆಗುವಷ್ಟರಲ್ಲಿ ಒಂದಕ್ಕೆ ಐದು ನಿಮಿಷ. ಪುಟವನ್ನು ಅಕ್ಷರ ರೂಪದಲ್ಲಿ ತೆರೆದು, ಡಿ ಡ್ರೈವ್‌ನಿಂದ ಹಿಡಿದು ಫೋಟೊದ ಹೆಸರಿನವರೆಗಿನ ಉದ್ದದ ದಾರಿಯನ್ನು ನಲವತ್ತೊಂದು ಕಡೆಯೂ ಒಂದೇ ಸಲಕ್ಕೆ ಅಳಿಸಿದೆ. ಬರೀ ಹೆಸರು ಉಳಿಯಿತು; ಪಕ್ಕದಲ್ಲೇ ಇರುವ ಫೋಟೊಗೆ ಅಷ್ಟು ದಾರಿ ಸಾಕು. ಪುಟವನ್ನು ಮತ್ತೆ ತೆರೆದೆ.

ಮೊದಲು ದ್ಯಾವಯ್ಯನ ಮನೆಯವರು ಬಂದರು. ಆಮೇಲೆ ಒಂದರ ಹಿಂದೆ ಒಂದು ಚೌಕ ತುಂಬಿತು. ಅಧಿಕಾರಿ ಎಲ್ಲವನ್ನೂ ನಿಧಾನವಾಗಿ ನೋಡಿದರು.

ಕೊನೆಯ ಫೋಟೊದಲ್ಲಿ ಅಜ್ಜಿ ಒಬ್ಬಳೇ ಹುಲ್ಲಿನ ಮೇಲೆ ನಿಂತಿದ್ದಳು.

"ಇಲ್ಲಿ ಯಾರನ್ನ ಮಣ್ಣು ಮಾಡಿರೋದಜ್ಜಿ?"

"ಇನ್ನೂ ಯಾರ್ನೂ ಇಲ್ಲ ಸ್ವಾಮಿ. ಅದು ನಂದು," ಎಂದಳು ಅಜ್ಜಿ. "ಈ ಕಡೆ ಎರಡು ಹೆಜ್ಜೆಗೆ ಗಂಡ, ಆ ಕಡೆ ಎರಡು ಹೆಜ್ಜೆಗೆ ಮಗ. ನಡುವೆ ನಂಗೆ ಜಾಗ ಬುಟ್ಟವ್ರೆ."

ವಕೀಲ ಕುಳಿತುಬಿಟ್ಟ.

"ಬರ್ಕೊಳ್ಳಿ ನಂದಿತಾ," ಎಂದರು ಅಧಿಕಾರಿ. "ಸ್ಮಶಾನ. ಬಳಕೆಯಲ್ಲಿದೆ."

ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಮಾತ್ರ ಸೆರಗು ಕೊಡವಿಕೊಂಡು ಎದ್ದಳು. "ನಡಿಯೇ, ಬಸ್ಸು ಹೋಯ್ತದೆ. ಈಗ್ಲೇ ಯಾಕೆ ಅಳ್ತೀಯ?"